ಮಡಿಯಲ್ಲಿ ಸಾಗುವ ದುಡ್ಡು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಲಂಡನ್ನಿನ ಹೌನ್ಸ್ಲೋ ಹೈಸ್ಟ್ರೀಟಿನ ಹಿಂಬದಿಯ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಸಾಲು ದೀಪ ಮಾತ್ರ ಉರಿಯುತ್ತಿದೆ. ಅದರ ಕೆಳಗೆ ಅಂಬುಜಾ ನಿಂತಿದ್ದಾರೆ. ಕಪ್ಪು ಪ್ಯಾಂಟು, ನೀಲಿ ಕಾರ್ಡಿಗನ್, ನರ್ಸುಗಳು ಹಾಕುವಂಥ ಮೆತ್ತನೆಯ ಶೂ. ಮೇಜಿನ ಮೇಲೆ ಮೂರು ಬೂದುಬಣ್ಣದ ಅಂಚೆಚೀಲಗಳು. ಆಗಸ್ಟ್‌ವರೆಗೆ ಒಂದೇ ಬರುತ್ತಿತ್ತು.

ಲಕೋಟೆಯ ಅಂಚನ್ನು ಯಂತ್ರ ಕತ್ತರಿಸುತ್ತದೆ. ಒಳಗಿನದನ್ನು ಹೊರತೆಗೆದ ಮೇಲೆ ಅಂಬುಜಾ ಪ್ರತಿ ಖಾಲಿ ಲಕೋಟೆಯನ್ನೂ ದೀಪಕ್ಕೆ ಹಿಡಿದು ನೋಡುತ್ತಾರೆ, ಒಳಗೆ ಚೂರು ಕಾಗದವೂ ಉಳಿದಿಲ್ಲವೆಂದು ಖಾತ್ರಿಯಾಗಲು. ನಂತರ ತಾರೀಕಿನ ಮೊಹರು. ನಂತರ ನಾಲ್ಕು ತಟ್ಟೆಗಳಲ್ಲಿ ಒಂದಕ್ಕೆ: ಬರುವ ಹಣ, ಬೇರೆ ಕಡೆಗೆ ಹೋಗುವ ಹಣ, ಮುಚ್ಚುವ ಖಾತೆ, ತೀರಿಕೊಂಡವರು. ಅರವತ್ತೊಂದರ ಈ ಹೆಂಗಸು ಹದಿನೇಳು ವರ್ಷಗಳಿಂದ ದಿನ ಶುರುಮಾಡುವುದು ಹೀಗೆಯೇ. ಅವರ ಹುದ್ದೆಯ ಹೆಸರೂ ಹದಿನೇಳು ವರ್ಷಗಳಿಂದ ಅದೇ: ಅಂಚೆ ಗುಮಾಸ್ತೆ, ಎರಡನೇ ದರ್ಜೆ.

"ಬಡ್ತಿ ಕೊಡ್ತೇವೆ ಅಂದ್ರ್ ಎರಡು ಸಲ. ಬಡ್ತಿ ಅಂದ್ರೆ ಒಂಬತ್ತು ಗಂಟೆಗೆ ಬಪ್ಪುದು, ಮೀಟಿಂಗಿನಲ್ಲಿ ಕೂಕಂಬುದು. ಕಾಗದ ಓದುವ ಕೆಲ್ಸ ಬೇರೆಯವರಿಗೆ. ನಂಗೆ ಬ್ಯಾಡ ಅಂದೆ" ಎನ್ನುತ್ತಾರೆ, ಕೈ ನಿಲ್ಲಿಸದೆ.

ಅವರು ಕೆಲಸ ಮಾಡುವುದು ಒಂದು ಬಿಲ್ಡಿಂಗ್ ಸೊಸೈಟಿಯಲ್ಲಿ. ನಮ್ಮ ಕಡೆಯ ಸಹಕಾರಿ ಬ್ಯಾಂಕಿನಂತೆ, ಸದಸ್ಯರೇ ಮಾಲೀಕರಾದ ಉಳಿತಾಯ ಸಂಸ್ಥೆ. ಅದರ ಹೆಸರು ಹಾಕಬಾರದೆಂಬುದು ಅಂಬುಜಾ ಹಾಕಿದ ಒಂದೇ ಷರತ್ತು. ಅವರ ಮೇಜಿಗೆ ಬರುವುದು ತೆರಿಗೆಯಿಲ್ಲದ ಖಾತೆಗಳ ಕಾಗದಗಳು ಮಾತ್ರ. 1991ರಲ್ಲಿ ಶುರುವಾದದ್ದು ಟೆಸ್ಸಾ, 1999ರಲ್ಲಿ ಅದರ ಜಾಗಕ್ಕೆ ಬಂದದ್ದು ಐಸಾ. ಎರಡರ ಒಳಗುಟ್ಟೂ ಒಂದೇ. ಸಂಬಳದ ಮೇಲೆ ತೆರಿಗೆ ಕಟ್ಟಿ, ಉಳಿದದ್ದರಲ್ಲಿ ಮುಪ್ಪಿಗೆಂದು ಇಷ್ಟಿಷ್ಟು ಕೂಡಿಟ್ಟರೆ, ಅದರ ಬಡ್ಡಿಗೆ ಸರ್ಕಾರ ಮತ್ತೆ ಕೈಚಾಚುವುದಿಲ್ಲ. ಆದರೆ ವರ್ಷಕ್ಕೆ ಹಾಕಬಹುದಾದದ್ದಕ್ಕೆ ಮಿತಿಯಿದೆ. ಈ ವರ್ಷ, ಅಂದರೆ 2008ರಲ್ಲಿ, 3,600 ಪೌಂಡು. ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಒಯ್ಯಬಹುದು, ಆದರೆ ಸಂಸ್ಥೆಯಿಂದ ಸಂಸ್ಥೆಗೆ ನೇರವಾಗಿ ಮಾತ್ರ. ನಡುವೆ ಒಂದು ದಿನದ ಮಟ್ಟಿಗೆ ನೀವೇ ತೆಗೆದುಕೊಂಡಿರೋ, ಅದು ಮಾಮೂಲು ದುಡ್ಡು. ವಾಪಸು ಒಳಗೆ ಹೋಗಬೇಕಾದರೆ ಮತ್ತೆ ವರ್ಷಕ್ಕೆ 3,600ರಂತೆ ಸರತಿಯಲ್ಲಿ ನಿಲ್ಲಬೇಕು. ಈ ಏಪ್ರಿಲ್‌ನಿಂದ ಇನ್ನೊಂದು ನಿಯಮ ಸೇರಿದೆ. ನಗದಿನ ಐಸಾದಿಂದ ಶೇರಿನ ಐಸಾಕ್ಕೆ ದಾಟಬಹುದು, ದಾಟಿದ ಮೇಲೆ ಹಿಂದಿರುಗುವಂತಿಲ್ಲ.

ಇದನ್ನು ಸೊಸೈಟಿಯ ಕೈಪಿಡಿ ಹನ್ನೊಂದು ಪುಟಗಳಲ್ಲಿ ಹೇಳುತ್ತದೆ. ಅಂಬುಜಾ ಒಂದು ಮಾತಿನಲ್ಲಿ ಹೇಳುತ್ತಾರೆ: "ಮಡಿ."

"ನೈವೇದ್ಯದ ಪಾತ್ರೆ ಅಡುಗೆಮನೆಯಿಂದ ದೇವರ ಮುಂದೆ ಹ್ಯಾಂಗೆ ಹೋತ್ತ್? ಮಡಿಯಲ್ಲಿ ಇದ್ದವರು ತಕಂಡು ಹೋತ್ರ್. ಮಧ್ಯ ಯಾರಾದ್ರೂ ಮುಟ್ಟಿದ್ರೆ ಅನ್ನ ಅನ್ನವೇ, ಹಸಿದವರು ಉಣ್ಣಲಕ್ಕ್. ಆದ್ರೆ ನೈವೇದ್ಯಕ್ಕೆ ಆತಿಲ್ಲೆ. ಇದೂ ಹಾಂಗೆ. ದುಡ್ಡು ನಿಮ್ಮದೇ. ದಾರಿಯಲ್ಲಿ ಮಾತ್ರ ನೀವು ಮುಟ್ಟೂಕಾಗ."

ಅಂಬುಜಾ ಕುಂದಾಪುರದ ಹತ್ತಿರದ ಬಸ್ರೂರಿನವರು. 1976ರಲ್ಲಿ ಲಂಡನ್ನಿಗೆ ಬಂದರು. ಪತಿ ತಿರುಮಲೇಶ ಹೀಥ್ರೋದಲ್ಲಿ ವಿಮಾನಗಳಿಗೆ ಸಾಮಾನು ಹೇರುತ್ತಿದ್ದರು. ಇವರು ಅದೇ ವಿಮಾನಗಳ ಊಟದ ತಟ್ಟೆ ಜೋಡಿಸುವ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ನಿಂತರು. ಅಲ್ಲಿನ ಚಳಿಕೋಣೆಯಲ್ಲಿ ಬೆರಳಿನ ಗೆಣ್ಣುಗಳು ಬಾತವು. ಇಂದೂ ಬೆಳಗಿನ ಮೊದಲ ಅರ್ಧ ಗಂಟೆ ಅವರ ಬಲಗೈ ಪೂರ್ತಿ ಮಡಚುವುದಿಲ್ಲ. ಟೆಸ್ಸಾ ಶುರುವಾದ ವರ್ಷ ಸೊಸೈಟಿಗೆ ಅರ್ಜಿಗಳ ಪ್ರವಾಹವೇ ಬಂತು. ಲಕೋಟೆ ಒಡೆಯಲು ಆರು ವಾರದ ಮಟ್ಟಿಗೆ ಜನ ಬೇಕಾಗಿತ್ತು. ಆ ಆರು ವಾರ ಇನ್ನೂ ಮುಗಿದಿಲ್ಲ.

ನಾಲ್ಕನೇ ವರ್ಷ ಒಂದು ಏಟು ಬಿತ್ತು. ಅದನ್ನು ಹೇಳುವಾಗ ಅವರು ಮೊದಲ ಬಾರಿಗೆ ಕೈ ನಿಲ್ಲಿಸುತ್ತಾರೆ. ಟೆಸ್ಸಾದ ಅಸಲನ್ನು ಐದು ವರ್ಷ ಮುಟ್ಟಬಾರದಿತ್ತು. 1994ರಲ್ಲಿ ತಿರುಮಲೇಶರ ಸೊಂಟ ಹಿಡಿದು ಮೂರು ತಿಂಗಳು ಕೆಲಸವಿಲ್ಲದೆ ಹೋಯಿತು. ಮನೆಬಾಡಿಗೆಗೆಂದು ಇವರು ತಮ್ಮ ಟೆಸ್ಸಾದಿಂದ ಐನೂರು ಪೌಂಡು ತೆಗೆದರು. ಐನೂರಕ್ಕೆ ಇಡೀ ಖಾತೆ ಟೆಸ್ಸಾ ಅಲ್ಲವೆಂದಾಯಿತು. ನಾಲ್ಕು ವರ್ಷದ ಬಡ್ಡಿಗೆಲ್ಲ ತೆರಿಗೆ ಬಿತ್ತು. "ಸಹಿ ಹಾಕಿದ್ದು ನಾನು. ಮಾರನೇ ದಿನ ಬೆಳಿಗ್ಗೆ ಅದೇ ಕಾಗದಕ್ಕೆ ಮೊಹರು ಒತ್ತಿದ್ದೂ ನಾನು. ಒತ್ತುವಾಗ ಅದ್ರ ಅರ್ಥ ಎಂತದ್ದಂತ ನಂಗೇ ಗೊತ್ತಿಲ್ಲೆ."

ಆಮೇಲೆ ಒಂದು ತಿಂಗಳು ಅವರು ಬೆಳಗಿನ ಬಸ್ಸಿನಲ್ಲಿ ಕೈಪಿಡಿ ಓದಿದರು, ಮಡಿಲಲ್ಲಿ ನಿಘಂಟು ಇಟ್ಟುಕೊಂಡು. ಓದಿ ಮುಗಿಸಿದ ಮೇಲೆ ಮೇಲ್ವಿಚಾರಕಿ ಡೆಬ್ರಾಳ ಬಳಿ ಹೋಗಿ ಕೇಳಿದರು: ಮುಚ್ಚುವ ತಟ್ಟೆಗೆ ಬಂದ ಕಾಗದಗಳ ಜೊತೆ 'ತೆರಿಗೆ ಲಾಭ ಹೋಗುತ್ತದೆಂದು ನನಗೆ ತಿಳಿದಿದೆ' ಎಂಬ ಸಹಿ ಹಾಕಿದ ಪುಟ ಇಲ್ಲದಿದ್ದರೆ ತಾನು ಆ ಖಾತೆದಾರರಿಗೊಂದು ಫೋನ್ ಮಾಡಬಹುದೇ? ಡೆಬ್ರಾ ಭುಜ ಹಾರಿಸಿ, ಒಂಬತ್ತರ ನಂತರವಾದರೆ ಮಾಡು ಎಂದಳು. ಹೀಗೆ ಹುಟ್ಟಿದ ಪದ್ಧತಿ ಇದು. ಯಾವ ಆದೇಶದಲ್ಲೂ ಇಲ್ಲ.

ಮಾಮೂಲು ದಿನ ನೂರೈವತ್ತು ಲಕೋಟೆ. ತೆರಿಗೆ ವರ್ಷ ಮುಗಿಯುವ ಏಪ್ರಿಲ್ ಐದರ ಆಸುಪಾಸಿನಲ್ಲಿ ಆರುನೂರು. ಹೋಗುವ ಹಣದ ಫಾರಂಗಳು ದಿನಕ್ಕೆ ನಲವತ್ತು, ಬಂದ ದಿನವೇ ಹೊರಡಬೇಕೆಂಬುದು ಅವರ ಹಟ. ದಿನಕ್ಕೆ ಆರೇಳು ಫೋನು. ಕಳೆದ ತಿಂಗಳು, ಅಮೆರಿಕದ ದೊಡ್ಡ ಬ್ಯಾಂಕೊಂದು ಸೋಮವಾರ ಮುಳುಗಿದ ವಾರದ ಶುಕ್ರವಾರ, ಒಂದೇ ಬೆಳಗ್ಗೆ 940 ಲಕೋಟೆ ಬಂದವು. ಅರ್ಧಕ್ಕರ್ಧ ಮುಚ್ಚುವ ತಟ್ಟೆಗೆ ಹೋದವು. ಲಂಡನ್ನಿಗೆ ಲಂಡನ್ನೇ ತನ್ನ ದುಡ್ಡನ್ನು ಹಾಸಿಗೆಯಡಿ ತುರುಕಲು ಹೊರಟಂತಿತ್ತು.

ಆ ರಾಶಿಯ ನಡುವೆ ಒಂದು ಕಾಗದ. ಇಂಗ್ಲಿಷಿನಲ್ಲಿ ಬರೆದ ಮೂರು ಸಾಲು, ಮೇಲೆ ನಡುಮಧ್ಯದಲ್ಲಿ ಕನ್ನಡದಲ್ಲಿ 'ಶ್ರೀ'. ಹೆಸರು ಓದುವ ಮೊದಲೇ ಅಂಬುಜಾಗೆ ಅದು ಮಂಜಯ್ಯನದೆಂದು ಗೊತ್ತಾಯಿತು.

ಮಂಜಯ್ಯನನ್ನು ಸೌತ್‌ಹಾಲ್ ಬ್ರಾಡ್‌ವೇಯಲ್ಲಿ ದೋಸೆ ತಿಂದವರೆಲ್ಲ ಬಲ್ಲರು, ಮುಖ ಕಂಡವರು ಕಡಿಮೆ. ಕೋಟೇಶ್ವರದ ಈತ, ಐವತ್ತೆಂಟರ ಅಡುಗೆಯವ, ಇಪ್ಪತ್ತೆರಡು ವರ್ಷಗಳಿಂದ ಒಂದೇ ಹೋಟೆಲಿನ ಹಿಂಬದಿಯಲ್ಲಿದ್ದಾನೆ. ಅದೇ ಹೋಟೆಲಿನ ಮಹಡಿಯ ಕೋಣೆಯಲ್ಲಿ ಶನಿವಾರ ಮೂರರಿಂದ ಐದರವರೆಗೆ ಅಂಬುಜಾ ಕೂರುತ್ತಾರೆ. ಹೋಟೆಲು ಕೆಲಸದವರು, ಅಂಗಡಿಯವರು, ಸಟನ್ನಿನಿಂದ ಟ್ರೇನು ಬದಲಿಸಿಕೊಂಡು ಬರುವ ಡಾಕ್ಟರ ಮನೆಯವರು ಸಹ ಫಾರಂ ಹಿಡಿದು ಬರುತ್ತಾರೆ. ಶುಲ್ಕ ಒಂದು ಲೋಟ ಕಾಫಿ. ಯಾವ ಸಂಸ್ಥೆ ಒಳ್ಳೆಯದೆಂದು ಅವರು ಯಾರಿಗೂ ಹೇಳುವುದಿಲ್ಲ. ಸಲಹೆ ಕೊಡಲು ಇಲ್ಲಿ ಪರವಾನಗಿ ಬೇಕು. "ಎಲ್ಲಿ ಇಡ್ಕ್ ಅಂತ ಹೇಳುವ ಹಕ್ಕು ನಂಗಿಲ್ಲೆ. ಹ್ಯಾಂಗೆ ಸಾಗಿಸ್ಕ್ ಅಂತ ಹೇಳ್ತೆ."

ಮಂಜಯ್ಯನ ಖಾತೆಯಲ್ಲಿದ್ದದ್ದು ಸುಮಾರು 44,000 ಪೌಂಡು. ಇಲ್ಲಿ ಬರೆಯಲು ಆತ ಒಪ್ಪಿದ್ದಾನೆ: "ಬರೀರಿ, ಕದ್ದದ್ದಲ್ಲ." ಟೆಸ್ಸಾದಿಂದ ದಾಟಿ ಬಂದ ಒಂಬತ್ತು ಸಾವಿರ, ಆಮೇಲೆ ವರ್ಷಕ್ಕೆ ಮೂರು ಸಾವಿರದಂತೆ ಒಂಬತ್ತು ವರ್ಷ, ಮೇಲೆ ಬಡ್ಡಿ. ಮಕ್ಕಳಿಲ್ಲ. ಹೋಟೆಲು ಮಾಲೀಕರು ಪಿಂಚಣಿ ಕಟ್ಟಿದವರಲ್ಲ. ಆತನಿಗೂ ಹೆಂಡತಿ ಚಂಪಾಗೂ ಮುಪ್ಪೆಂದರೆ ಇದೇ ಖಾತೆ. ಅದನ್ನು ಪೂರ್ತಿ ಮುಚ್ಚಿ ಚೆಕ್ ಕಳಿಸಿ ಎಂದು ಆ ಮೂರು ಸಾಲು ಹೇಳುತ್ತಿದ್ದವು. ಸಹಿ ಬೇಕಾದ ಪುಟ ಜೊತೆಗಿರಲಿಲ್ಲ. ಚೆಕ್ ಹೋಗಿ ಅದು ಆತನ ಮಾಮೂಲು ಖಾತೆಗೆ ಜಮೆಯಾದರೆ, ಅಷ್ಟೂ ಹಣ ಮತ್ತೆ ಮಡಿಗೆ ಮರಳಲು ಹನ್ನೆರಡು ವರ್ಷ ಬೇಕು. ಆಗ ಮಂಜಯ್ಯನಿಗೆ ಎಪ್ಪತ್ತಾಗಿರುತ್ತದೆ.

ಒಂಬತ್ತಕ್ಕೆ ಅಂಬುಜಾ ಫೋನ್ ಎತ್ತಿದರು. ಕಚೇರಿಯ ಕರೆಗಳು ರೆಕಾರ್ಡ್ ಆಗುತ್ತವೆ, ಇಂಗ್ಲಿಷಿನಲ್ಲೇ ಇರಬೇಕು.

"ಮಿಸ್ಟರ್ ಮಂಜಯ್ಯ, ಈ ಕರೆ ರೆಕಾರ್ಡ್ ಆಗುತ್ತದೆ" ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು.

ಆಚೆಯಿಂದ ಪಾತ್ರೆಗಳ ಸದ್ದು. "ಯಾರು, ಅಂಬುಜಕ್ಕನಾ? ಎಂತ ಆಯ್ತ್ ನಿಮ್ಗೆ, ಬೆಳಿಗ್ಗೆ ಬೆಳಿಗ್ಗೆ ಇಂಗ್ಲಿಷು?"

"ನಿಮ್ಮ ಜನ್ಮದಿನಾಂಕ ಹೇಳುತ್ತೀರಾ, ಸರ್?"

"ನನ್ನ ಹುಟ್ಟಿದ ದಿನ ನಿಮ್ಗೆ ಗೊತ್ತಿಲ್ದಾ? ಹೋದ ವರ್ಷ ಬಂದು ಪಾಯಸ ಉಂಡವರು ಯಾರು?"

"ನೀವೇ ಹೇಳಬೇಕು, ಸರ್."

ಎರಡನೇ 'ಸರ್' ಕೇಳಿ ಮಂಜಯ್ಯ ಹೆದರಿದ. ಯಾರೋ ಸತ್ತಿದ್ದಾರೆಂದೇ ಎಣಿಸಿದೆ ಎಂದು ಈಗ ನಗುತ್ತಾನೆ. ತನಗೆ ಬರುವ ಇಂಗ್ಲಿಷಿನಲ್ಲಿ ಜನ್ಮದಿನಾಂಕ ಹೇಳಿದ. ಅಂಬುಜಾ ನಿಯಮ ಓದಿದರು, ಆ ಪುಟದ ಸಂಗತಿ ಹೇಳಿದರು. ಆತ ಕೇಳಿದ: "ಅಕ್ಕ, ನಾಳೆ ಶನಿವಾರ ಅಲ್ದಾ?" ಅಂಬುಜಾ ಕಾಗದವನ್ನು ತಡೆಹಿಡಿದವುಗಳ ಜೊತೆ ಇಟ್ಟರು.

ಶನಿವಾರ ಮಹಡಿ ಕೋಣೆಗೆ ಮಂಜಯ್ಯ ಬಂದದ್ದು ಹೆಂಡತಿಯೊಡನೆ. ಆತನ ಭಯ ಪೊಳ್ಳಲ್ಲ. ಆ ದಿನಗಳಲ್ಲಿ ಸಂಸ್ಥೆಯೊಂದು ಮುಳುಗಿದರೆ ಒಬ್ಬರಿಗೆ ಖಾತ್ರಿಯಾಗಿ ವಾಪಸು ಸಿಗುವುದು 35,000 ಮಾತ್ರ. ಉಳಿದ ಒಂಬತ್ತು ಸಾವಿರಕ್ಕೆ ಯಾರೂ ಹೊಣೆಯಲ್ಲ. ಬೇರೆ ಕಡೆ ಹಂಚಿಡಬೇಕೆಂದು ಚಂಪಾ ಸೋಮವಾರವೇ ಹೇಳಿದ್ದಳು. ತೊಡಕಾದದ್ದು ಮಂಗಳವಾರ. ಅಂದಿನಿಂದ ಪಿತೃಪಕ್ಷ.

"ಪಕ್ಷದಲ್ಲಿ ಹೊಸ ಖಾತೆ ತೆಗೂಕಾತ್ತಾ ಅಕ್ಕ? ಅದ್ಕೇ ಹೀಂಗೆ ಮಾಡ್ದೆ. ಇಲ್ಲಿಂದ ತೆಗ್ದು ಹದಿನೈದು ದಿನ ಮನೆಯಲ್ಲಿ ಇಡುದು. ಅಮಾವಾಸ್ಯೆ ಕಳೀಲಿ, ನವರಾತ್ರಿಯಲ್ಲಿ ಒಂದ್ ಒಳ್ಳೆ ದಿನ ಕಂಡು ಹೊಸತ್ರಲ್ಲಿ ಹಾಕುದು."

"ಮನೆಯಲ್ಲಿ ಎಲ್ಲಿ?" ಅಂಬುಜಾ ಕೇಳಿದರು.

"ಟ್ರಂಕಿನಲ್ಲಿ."

"ಬ್ಯಾಂಕಿಗೆ ಗ್ಯಾರಂಟಿ ಇಲ್ಲೆ ಅಂಬ್ರ್, ಟ್ರಂಕಿಗೆ ಇತ್ತಂಬ್ರ್" ಎಂದಳು ಚಂಪಾ ಗೋಡೆಯ ಕಡೆ ತಿರುಗಿ. "ಅದ್ರ ಬೀಗ ಹಾಳಾಗಿ ಎಂಟು ವರ್ಷ ಆಯ್ತ್."

ಅಂಬುಜಾ ಮಡಿಯ ಮಾತು ಹೇಳಿದರು. ಅದು ಮಂಜಯ್ಯನಿಗೆ ಒಂದೇ ಸಲಕ್ಕೆ ನಾಟಿತು. ಆತನ ಅಪ್ಪ ಊರ ದೇವಸ್ಥಾನದಲ್ಲಿ ನೈವೇದ್ಯ ಮಾಡುತ್ತಿದ್ದವರು. ಚೆಕ್ ಬೇಡ, ವರ್ಗಾವಣೆಯ ಫಾರಂ ತುಂಬಿದರೆ ಸಾಕು, ಇಪ್ಪತ್ತು ಸಾವಿರವಷ್ಟೇ ಹೊಸ ಕಡೆ ಹೋಗುತ್ತದೆ, ಎರಡೂ ಕಡೆ ಮೊತ್ತ ಖಾತ್ರಿಯ ಒಳಗಿರುತ್ತದೆ ಎಂಬುದೂ ಅರ್ಥವಾಯಿತು. ಆದರೆ ಪಕ್ಷ ಮುಗಿಯುವವರೆಗೆ ಸೊಸೈಟಿ ಮುಳುಗದೆ ಇರುತ್ತದೆಂಬ ಧೈರ್ಯ ಆತನಿಗಿರಲಿಲ್ಲ, ಫಾರಂಗೆ ಸಹಿ ಇಂದೇ ಹಾಕಬೇಕಲ್ಲ?

"ನಂಗೆ ಮಡಿಯೂ ಬೇಕ್, ಪಕ್ಷವೂ ಬೇಕ್" ಎಂದ ಮಂಜಯ್ಯ. "ನೀವು ಒಂದ್ ಕೆಲ್ಸ ಮಾಡಿ ಅಕ್ಕ. ತಾರೀಕು ಹೋದ ಆದಿತ್ಯವಾರದ್ದು ಬರೀರಿ. ಆಗ ಪಕ್ಷ ಶುರುವಾಗಿರಲಿಲ್ಲೆ."

"ಇವತ್ತಿನ ತಾರೀಕು ಬಿಟ್ಟು ಬೇರೆ ಬರೂಕಾತಿಲ್ಲೆ."

"ಐದು ದಿನ, ಆರು ದಿನ, ಯಾರಿಗೆ ಗೊತ್ತಾತ್ತ್?"

"ನಂಗೆ ಗೊತ್ತಾತ್ತ್ ಮಾರಾಯ್ರೆ. ದಿನಾ ತಾರೀಕು ಒತ್ತುದೇ ನನ್ನ ಕೆಲ್ಸ."

ಕಾಫಿ ಆರಿತು. ಕೆಳಗೆ ಸಂಜೆಯ ಸಾಂಬಾರಿಗೆ ತರಕಾರಿ ಹೆಚ್ಚುವ ಸದ್ದು ಶುರುವಾಗಿತ್ತು. ಹಾಗಾದರೆ ಚೆಕ್ಕೇ ಬರಲಿ ಎಂದು ಮಂಜಯ್ಯ ಎದ್ದುನಿಂತ. ತಡೆಹಿಡಿದ ಕಾಗದಕ್ಕೆ ಬೇಕಾದ ಸಹಿಯ ಪುಟವನ್ನೂ ಕೇಳಿದ. ಅಂಬುಜಾ ಚೀಲದಿಂದ ಅದನ್ನೂ ತೆಗೆದು ಮೇಜಿನ ಮೇಲಿಟ್ಟರು. ಕೊಡದೆ ಇರುವ ಹಕ್ಕು ತನಗಿಲ್ಲ ಎನ್ನುತ್ತಾರೆ. ಎರಡು ಕಾಗದ, ಒಂದು ಪೆನ್ನು.

ಆಗ ಚಂಪಾ ಕೇಳಿದಳು: "ಹ್ವಾಯ್, ನಿನ್ನೆ ಶುಕ್ರವಾರ ವಾರದ ಸಂಬಳ ತಕಂಡ್ರ್ಯಾ?"

"ತಕಂಡೆ."

"ರಿಜಿಸ್ಟರಿಗೆ ಸಹಿ ಹಾಕಿದ್ರ್ಯಾ?"

"ಹಾಕ್ದೆ."

"ಪಕ್ಷ ಅಲ್ದಾ? ಎಂತಕ್ಕೆ ಹಾಕಿದ್ರಿ?"

 ಅದು ಹಳೆ ಕೆಲಸದ ಸಹಿ, ಹೊಸತಲ್ಲ ಎಂದು ಮಂಜಯ್ಯ ಗೊಣಗಿದ.  ಅಂಬುಜಾ ಮಧ್ಯೆ ಬಂದರು: "ಇದೂ ಹಳೆ ದುಡ್ಡಿನ ಸಹಿಯೇ. ಫಾರಂ ಹೊಸ ಸೊಸೈಟಿಗೆ ಹೋಪುಕೆ ಎರಡು ದಿನ. ಅವ್ರು ನಮ್ಗೆ ಕಾಗದ ಬರೂಕೆ ಎರಡು ದಿನ. ನಮ್ಮಲ್ಲಿ ಈಗ ರಾಶಿ ಕಾಣಿ, ಎಷ್ಟು ದಿನವೋ. ಆಮೇಲೆ ನಮ್ಮ ಚೆಕ್ ನೇರ ಅವ್ರಿಗೇ ಅಂಚೆಯಲ್ಲಿ ಹೋಯ್ಕ್. ದುಡ್ಡು ಹೊಸ ಜಾಗಕ್ಕೆ ಕಾಲಿಡುದು ನವರಾತ್ರಿ ಹೊತ್ತಿಗೆ ಆಯ್ಲಕ್ಕ್. ಆದ್ರೆ ಮಾತು ಕೊಡೂಕಾತಿಲ್ಲೆ."

ಇಷ್ಟು ನಿಧಾನವೆಂದು ಇಡೀ ಲಂಡನ್ ಬೈಯುವ ವ್ಯವಸ್ಥೆ ಆ ಮಧ್ಯಾಹ್ನ ಒಬ್ಬ ಮನುಷ್ಯನಿಗೆ ದೈವಸಹಾಯದಂತೆ ಕಂಡಿತು. ಮಂಜಯ್ಯ ಕೂತು ವರ್ಗಾವಣೆಯ ಫಾರಂಗೆ ಸಹಿ ಹಾಕಿದ, ಅಂದಿನ ತಾರೀಕನ್ನೇ ಹಾಕಿದ. ಇನ್ನೊಂದು ಪುಟವನ್ನು ಚಂಪಾ ನಾಲ್ಕಾಗಿ ಮಡಚಿ ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.

ಹೊಸ ಸೊಸೈಟಿಯ ಕೋರಿಕೆ ಅಂಬುಜಾರ ಮೇಜಿಗೆ ಬಂದದ್ದು ಮುಂದಿನ ಶುಕ್ರವಾರ. ಬಂದ ದಿನವೇ ಕಳಿಸುವ ಅವರ ಹಟ ಆ ಎರಡು ವಾರ ಮುರಿದುಬಿದ್ದಿತ್ತು. ಸರದಿಯಲ್ಲಿ ಅದಕ್ಕಿಂತ ಮುಂದೆ ಇನ್ನೂರು ಫಾರಂಗಳಿದ್ದವು. ಮಂಜಯ್ಯನದನ್ನು ಅವರು ಮುಂದೆ ತೆಗೆಯಲಿಲ್ಲ. ನಾಲ್ಕು ದಿನ ತಳಕ್ಕೆ ತಳ್ಳಿದ್ದರೆ ಯಾರೂ ಕೇಳುತ್ತಿರಲಿಲ್ಲ, ಅದನ್ನೂ ಮಾಡಲಿಲ್ಲ. ಸರದಿ ಬಂದದ್ದು ಸೋಮವಾರ, ಮಹಾಲಯ ಅಮಾವಾಸ್ಯೆಯ ದಿನ. "ಕೈ ಒಂದ್ ಗಳಿಗೆ ನಿಂತದ್ದು ಹೌದು" ಎಂದು ಒಪ್ಪಿಕೊಳ್ಳುತ್ತಾರೆ. "ಮುಂದಿನ ಫಾರಂ ಯಾರೋ ಪೋಲಿಶ್ ಹೆಂಗಸಿಂದು, ಅದ್ರ ಮುಂದಿಂದು ಒಬ್ಬ ಮುದುಕಂದು. ಅವ್ರಿಗೆ ಅಮಾವಾಸ್ಯೆ ಇಲ್ಲೆ. ಇವ್ರಿಗೋಸ್ಕರ ಅವ್ರನ್ನ ಹಿಂದೆ ಮುಂದೆ ಮಾಡೂಕಾತ್ತಾ?" ಮೊಹರು ಒತ್ತಿದರು.

ಅಕ್ಟೋಬರಿನ ಮೊದಲ ಶನಿವಾರ ಮಂಜಯ್ಯ ಮಹಡಿ ಹತ್ತಿ ಬಂದದ್ದು ಏಪ್ರನ್ ಸಮೇತ. ಆ ದಿನ ಈ ವರದಿಗೆಂದು ನಾನೂ ಕೋಣೆಯಲ್ಲಿ ಕೂತಿದ್ದರಿಂದ ಮುಂದಿನ ಮಾತನ್ನು ನೇರ ಕೇಳಿಸಿಕೊಂಡೆ.

"ಎಲ್ಲಾ ಸರಿ ಹೋಯ್ತಾ ಅಕ್ಕ?"

"ಹೋಯ್ತ್. ತೆರಿಗೆ ಇಲ್ಲದ್ದು ತೆರಿಗೆ ಇಲ್ಲದ ಹಾಂಗೇ ಹೋಯ್ತ್. ಒಂದ್ ಪೆನ್ನಿಯೂ ಮೈಲಿಗೆ ಆಯ್ಲಿಲ್ಲೆ."

"ಎಂದು ಹೊರಟದ್ದು?"

ಅಂಬುಜಾ ಕನ್ನಡಕ ತೆಗೆದರು. "ಅಮಾವಾಸ್ಯೆ ದಿನ."

ಮಂಜಯ್ಯ ಏಪ್ರನ್ನಿಗೆ ಕೈ ಒರೆಸಿಕೊಂಡ. ಒದ್ದೆಯಿರದ ಕೈಯನ್ನು ಎರಡು ಸಲ ಒರೆಸಿದ. "ಮುಟ್ಟಿದ್ದು?"

"ಬುಧವಾರ. ನವರಾತ್ರಿ ಎರಡನೇ ದಿನ."

"ಅಕ್ಕ್ ಹಾಂಗಾರೆ, ಅಡ್ಡಿಲ್ಲೆ" ಎಂದ ಆತ ಕೊನೆಗೆ. "ಮುಟ್ಟಿದ ದಿನ ಒಳ್ಳೇದಾದ್ರೆ ಸೈ. ಹೊರಟ ದಿನ ಯಾರು ಕೇಳ್ತ್ರ್." ಮೆಟ್ಟಿಲಿಳಿಯುತ್ತ ತಿರುಗಿ ನಿಂತು, ಸರ್ಕಾರ ಖಾತ್ರಿಯ ಮಿತಿಯನ್ನು ಮಂಗಳವಾರದಿಂದ ಐವತ್ತು ಸಾವಿರಕ್ಕೆ ಏರಿಸುತ್ತದಂತೆ, ಇಷ್ಟೆಲ್ಲ ಓಡಾಡುವ ಅಗತ್ಯವೇ ಇರಲಿಲ್ಲವಂತೆ, ಚಂಪಾ ಬೆಳಗ್ಗಿನಿಂದ ಅದನ್ನೇ ಹೇಳಿ ನಗುತ್ತಿದ್ದಾಳೆ ಎಂದ. ಬ್ಯಾಂಕು ಮುಳುಗಿದ ಸೋಮವಾರ ಹಂಚಿಡಬೇಕೆಂದು ಗೋಗರೆದವಳೂ ಅವಳೇ.

ಈ ಮೇಜು ಮುಂದಿನ ಬೇಸಗೆಗೆ ಇರುವುದಿಲ್ಲ. ಅಂಚೆಯೆಲ್ಲ ಉತ್ತರದ ಊರೊಂದರ ಸ್ಕ್ಯಾನಿಂಗ್ ಕೇಂದ್ರಕ್ಕೆ ನೇರ ಹೋಗಲಿದೆ. ಅಲ್ಲಿ ಕಾಗದವನ್ನು ಯಂತ್ರ ಓದುತ್ತದೆ, ಪುಟ ಕಡಿಮೆಯಿದ್ದರೆ ಯಂತ್ರವೇ ಒಂದು ಪತ್ರ ಕಳಿಸುತ್ತದೆ, ಹತ್ತು ದಿನ ಉತ್ತರ ಬರದಿದ್ದರೆ ಖಾತೆ ಮುಚ್ಚಿ ಚೆಕ್ ಹೊರಡುತ್ತದೆ. ಏಪ್ರಿಲ್ ಐದರ ನೂಕುನುಗ್ಗಲು ಮುಗಿಸಿಕೊಟ್ಟು ಅಂಬುಜಾ ನಿವೃತ್ತರಾಗುತ್ತಾರೆ. ಬೀಳ್ಕೊಡುಗೆಗೆ ಏನು ಬೇಕೆಂದು ಡೆಬ್ರಾ ಕೇಳಿದ್ದಾಳೆ.

"ಗಡಿಯಾರ ಮನೆಯಲ್ಲಿ ಮೂರಿತ್ತ್ ಅಂದೆ" ಎನ್ನುತ್ತಾರೆ ಅಂಬುಜಾ, ಖಾಲಿ ಲಕೋಟೆಯೊಂದನ್ನು ದೀಪಕ್ಕೆ ಹಿಡಿಯುತ್ತ. "ಕೈಪಿಡಿಯಲ್ಲಿ ಒಂದ್ ಸಾಲು ಬರೀರಿ ಅಂದೆ. ಮುಚ್ಚೂಕೆ ಮುಂಚೆ ಫೋನ್ ಮಾಡ್ಕ್, ಅವ್ರು ಎಂತ ಹೇಳ್ತ್ರ್ ಅಂತ ಕೇಳ್ಕ್. ಪತ್ರ ಹಾಕ್ತೇವಲ್ಲ ಅಂದಳು. ಪತ್ರಕ್ಕೆ ಹೇಳೂಕೆ ಮಾತ್ರ ಗೊತ್ತು, ಅಲ್ದಾ? ಮಂಜಯ್ಯನ ಪಕ್ಷದ ಸಂಗತಿ ಯಾವ ಫಾರಂನಲ್ಲಿ ಬರ್ಕಂಡ್ ಬತ್ತ್, ನೀವೇ ಹೇಳಿ."